ಮಂಡಿ ದುಡ್ಡು ಬರುವ ಮೊದಲೇ ಬಟವಾಡೆ

ತೀರ್ಥಹಳ್ಳಿ ಕಡೆ ನಮಗೆ ಎರಡೂವರೆ ಎಕರೆ ಅಡಿಕೆ ತೋಟ ಇದೆ. ಅಪ್ಪ ಮಾಡಿದ ತೋಟ. ಚರ್ಚಿನಲ್ಲಿ ಭಾನುವಾರದ ಪೂಜೆ ತಪ್ಪಿಸದ ಮನೆ ನಮ್ಮದು. ಕಾಣಿಕೆ ಹಾಕುತ್ತೇವೆ, ಕ್ರಿಸ್ಮಸ್‌ಗೆ ಅಕ್ಕಿ ಬಟ್ಟೆ ಕೊಡುತ್ತೇವೆ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಮಾಂಸ ಬಿಟ್ಟು ಉಳಿದ ದುಡ್ಡನ್ನು ಬಡವರ ಡಬ್ಬಿಗೆ ಹಾಕುತ್ತೇವೆ. ಬಡವರ ವಿಷಯದಲ್ಲಿ ನನ್ನ ಕರ್ತವ್ಯ ಅಲ್ಲಿಗೆ ಮುಗಿಯಿತು ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಅಲ್ಲ ಅಂತ ಗೊತ್ತಾಗಿದ್ದು ಚರ್ಚಿನಲ್ಲಿ ಅಲ್ಲ, ನಮ್ಮದೇ ಅಂಗಳದಲ್ಲಿ, ಅಡಿಕೆ ಸುಲಿಯುವ ಚಪ್ಪರದ ಕೆಳಗೆ.

ಸುಲಿತದ ದಿನಗಳಲ್ಲಿ ಸುತ್ತಮುತ್ತಲಿನ ಏಳೆಂಟು ಹೆಂಗಸರು ನಮ್ಮಲ್ಲಿಗೆ ಬರುತ್ತಾರೆ. ಮೆಟ್ಟುಗತ್ತಿ ಮೇಲೆ ಕಾಲಿಟ್ಟು ಕೂತರೆ ರಾತ್ರಿವರೆಗೂ ಕೆಲಸ. ಅಡಿಕೆ ಚೊಗರಿನ ಕಲೆಗೆ ಬೆರಳೆಲ್ಲ ಕಪ್ಪು. ಎಷ್ಟು ಡಬ್ಬ ಸುಲಿದರು ಅಂತ ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ದುಡ್ಡು ಮಾತ್ರ ಅಡಿಕೆ ಶಿವಮೊಗ್ಗ ಮಂಡಿಗೆ ಹೋಗಿ, ಮಾರಾಟ ಆಗಿ, ನನ್ನ ಕೈಗೆ ಬಂದಮೇಲೆ. ಅಪ್ಪನ ಕಾಲದಿಂದಲೂ ಹಾಗೇ. ಯಾರೂ ಜಗಳ ಮಾಡಿದ್ದಿಲ್ಲ.

ಒಂದು ವರ್ಷ ರೇಟು ಏರುವ ಹಾಗೆ ಕಂಡಿತು. ಕಾಯೋಣ ಅಂತ ಮೂಟೆ ಅಟ್ಟದ ಮೇಲೆ ಇಟ್ಟೆ. ಐದು ವಾರ ಆಯಿತು. ಒಂದು ಸಂಜೆ ಡಬ್ಬ ಎಣಿಸುವಾಗ ನೋಡುತ್ತೇನೆ, ಒಬ್ಬ ಅಕ್ಕನ ಕಿವಿಯಲ್ಲಿ ಓಲೆ ಇಲ್ಲ. ತೂತು ಮುಚ್ಚಿಹೋಗದಿರಲಿ ಅಂತ ಹಿಡಿಕಡ್ಡಿ ಚೂರು ಸಿಕ್ಕಿಸಿಕೊಂಡಿದ್ದರು. "ಓಲೆ ಎಲ್ಲಕ್ಕಾ?" ಅಂದೆ. "ಗಿರವಿ ಇಟ್ಟೆ ಅಣ್ಣಾ, ಮಗನಿಗೆ ಜ್ವರ ಬಂದಿತ್ತಲ್ಲ" ಅಂದರು. ಕೈ ನಿಲ್ಲಿಸಲಿಲ್ಲ, ನನ್ನ ಮುಖ ಕೂಡ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಪುಸ್ತಕದಲ್ಲೇ ಅವರ ಐದು ವಾರದ ಕೂಲಿ ಬಾಕಿ ಇತ್ತು.

ಆ ರಾತ್ರಿ ಬೈಬಲ್ ತೆಗೆದೆ. ಯಕೋಬನ ಪತ್ರದ ಐದನೇ ಅಧ್ಯಾಯ ಎಷ್ಟೋ ಸಲ ಕೇಳಿದ್ದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಅನ್ನುವ ಮಾತು ಅಲ್ಲಿದೆ. ನಾನು ಅದನ್ನು ಯಾರೋ ದೊಡ್ಡ ಜಮೀನ್ದಾರರಿಗೆ ಹೇಳಿದ್ದು ಅಂದುಕೊಂಡಿದ್ದೆ. ಧರ್ಮೋಪದೇಶಕಾಂಡ 24ರಲ್ಲಿ ಇನ್ನೂ ನೇರವಾಗಿ ಇದೆ: ಬಡ ಕೂಲಿಯವನ ದುಡ್ಡು ಅದೇ ದಿನ ಹೊತ್ತು ಮುಳುಗುವ ಮೊದಲು ಕೊಡಬೇಕು, ಅವನು ಅದನ್ನೇ ನಂಬಿಕೊಂಡಿರುತ್ತಾನೆ. ಪೋಪ್ 13ನೇ ಲಿಯೋ 1891ರಲ್ಲಿ ಕಾರ್ಮಿಕರ ಬಗ್ಗೆ ಬರೆದ ಪತ್ರದಲ್ಲಿ ಯಕೋಬನ ಇದೇ ಮಾತನ್ನು ನೆನಪಿಸಿ, ಕೂಲಿ ತಡೆಹಿಡಿಯುವುದು ದೊಡ್ಡ ಪಾಪ ಅಂದಿದ್ದಾರೆ.

ರೇಟಿಗೆ ಕಾಯುವುದೇ ತಪ್ಪಾ? ಇದನ್ನು ತುಂಬಾ ಯೋಚನೆ ಮಾಡಿದ್ದೇನೆ. 368ರ ಸುಮಾರಿಗೆ ಈಗಿನ ತುರ್ಕಿ ದೇಶದ ಭಾಗವಾದ ಕಪ್ಪದೋಕ್ಯದಲ್ಲಿ ಬರ ಬಿದ್ದಾಗ, ದವಸ ಕೂಡಿಟ್ಟು ಬೆಲೆಗೆ ಕಾಯುತ್ತಿದ್ದ ಸಾಹುಕಾರರಿಗೆ ಅಲ್ಲಿನ ಗುರು ಸಂತ ಬಾಸಿಲ್ ಬಹಳ ಕಠಿಣವಾಗಿ ಹೇಳಿದ್ದರು, ನೀನು ಹಿಡಿದಿಟ್ಟುಕೊಂಡಿರುವ ರೊಟ್ಟಿ ಹಸಿದವನದ್ದು ಅಂತ. ಅಡಿಕೆ ದವಸ ಅಲ್ಲ, ಅದನ್ನು ಇಟ್ಟುಕೊಂಡರೆ ಯಾರ ಹೊಟ್ಟೆಗೂ ಹೊಡೆತ ಇಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹೊಡೆತ ಬಿದ್ದಿತ್ತಲ್ಲ. ಕಾಯುವುದು ತಪ್ಪಲ್ಲ, ನಾನು ಕಾಯುವುದಕ್ಕೆ ಬಡ್ಡಿ ಕಟ್ಟಿದ್ದು ಆ ಅಕ್ಕ, ಅದು ತಪ್ಪು. ರೇಟು ಏರಿದರೆ ಲಾಭ ನನಗೆ, ಅಲ್ಲಿಯವರೆಗೆ ಸಾಲ ಅವರಿಗೆ. ನಾನು ಅವರಿಗೆ ಕ್ರಿಸ್ಮಸ್ ಅಕ್ಕಿ ಕೊಟ್ಟಿದ್ದೆ, ಅದೂ ಅವರದೇ ದುಡ್ಡಿನಿಂದ ಅಂತ ಆಗ ಅನಿಸಿ ನಾಚಿಕೆ ಆಯಿತು.

ಮರುದಿನವೇ ಕೈಸಾಲ ತಂದು ಎಲ್ಲರ ಬಾಕಿ ಚುಕ್ತಾ ಮಾಡಿದೆ. ಬೈಬಲ್‌ನಲ್ಲಿ ಬರುವ ಸುಂಕದವ ಜಕ್ಕಾಯ ಮೋಸದಿಂದ ತೆಗೆದುಕೊಂಡಿದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಅಂದಿದ್ದ. ನಾನು ಓಲೆಯನ್ನಾದರೂ ಬಿಡಿಸಿಕೊಡುತ್ತೇನೆ ಅಂತ ಆ ಅಕ್ಕನ ಮನೆಗೆ ಹೋದೆ. ಅವರು ಒಪ್ಪಲಿಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು, "ಅಸಲು ನಾನೇ ಕಟ್ತೀನಿ ಅಣ್ಣಾ. ಬಡ್ಡಿ ನಿಮ್ದು" ಅಂದರು. ಸರಿಯಾದ ಲೆಕ್ಕ. ಅಷ್ಟೇ ಕೊಟ್ಟು ಬಂದೆ.

ಆಮೇಲೆ ಮಾಡಿದ್ದು ಹೇಳುತ್ತೇನೆ, ಸಣ್ಣ ತೋಟ ಇರುವವರಿಗೆ ಉಪಯೋಗ ಆಗಬಹುದು. ಹಿಂದಿನ ವರ್ಷ ಸುಲಿತ, ಕೊನೆ (ಅಡಿಕೆ ಗೊನೆ) ತೆಗೆಯುವುದು, ಔಷಧಿ ಹೊಡೆಯುವುದು ಎಲ್ಲ ಸೇರಿ ಕೂಲಿ ಎಷ್ಟಾಯಿತು ಅಂತ ಕೂಡಿಸಿದೆ. ಸುಮಾರು 1 ಲಕ್ಷ 10 ಸಾವಿರ. ಅಡಿಕೆ ಮಾರಿದ ದುಡ್ಡು ಬಂದ ದಿನವೇ, ಮನೆಗೆ ಒಂದು ರೂಪಾಯಿ ತರುವ ಮೊದಲು, ಅಷ್ಟನ್ನೂ ಮುಂದಿನ ವರ್ಷದ ಕೂಲಿಗೆ ಅಂತ ಬೇರೆ ಖಾತೆಗೆ ಹಾಕಿದೆ. ಮೊದಲ ವರ್ಷ ಕಷ್ಟ ಆಯಿತು. ಮನೆಗೆ ಬಣ್ಣ ಹೊಡೆಸುವುದು ನಿಂತಿತು, ಹೆಂಡತಿಗೆ ಬೇಜಾರಾಗಿತ್ತು. ಎರಡನೇ ವರ್ಷದಿಂದ ಅದು ಸುತ್ತು ತಿರುಗುವ ದುಡ್ಡಾಯಿತು, ಈಗ ಭಾರ ಅನಿಸುವುದಿಲ್ಲ. ಪ್ರತಿ ಶನಿವಾರ ಬಟವಾಡೆ. ಯಾರಿಗಾದರೂ ಅವತ್ತಿನದು ಅವತ್ತೇ ಬೇಕು ಅಂದರೆ ಅವತ್ತೇ. ಮಳೆಗಾಲದಲ್ಲಿ ಕೊಳೆ ರೋಗ ಬಂದು ಅರ್ಧ ಫಸಲು ಹೋದ ವರ್ಷವೂ ಬಟವಾಡೆ ತಪ್ಪಲಿಲ್ಲ.

ಹಿತ್ತಿಲ ಕಡೆ ಧರೆ ಪಕ್ಕದ ಸಾಲಿನ ಉದುರಡಿಕೆ ನಾವು ಹೆಕ್ಕುವುದನ್ನು ಬಿಟ್ಟಿದ್ದೇವೆ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಉದುರಿದ ದ್ರಾಕ್ಷಿ ಆರಿಸಬೇಡ, ಅದು ಬಡವರಿಗೂ ಪರದೇಶಿಗಳಿಗೂ ಅಂತ ಬೈಬಲ್‌ನ ಯಾಜಕಕಾಂಡ 19ರಲ್ಲಿ ಇದೆ. ಬೇಕಾದವರು ಬಂದು ಹೆಕ್ಕಿಕೊಂಡು ಹೋಗುತ್ತಾರೆ. ಯಾರು ಅಂತ ನಾನು ನೋಡಲು ಹೋಗುವುದಿಲ್ಲ.

ಒಂದು ಕಡೆ ಎಡವಿದೆ. ಸುಲಿತಕ್ಕೆ ಬರುವವರಲ್ಲಿ ಒಬ್ಬರು ವಯಸ್ಸಾದ ಅಜ್ಜಿ. ಉಳಿದವರು ಸುಲಿದದ್ದರ ಅರ್ಧವೂ ಅವರಿಂದ ಆಗುವುದಿಲ್ಲ. ಮತ್ತಾಯನ ಸುವಾರ್ತೆ 20ರ ದ್ರಾಕ್ಷಿತೋಟದ ಕಥೆಯಲ್ಲಿ ಯಜಮಾನ ಸಂಜೆ ಬಂದವನಿಗೂ ಇಡೀ ದಿನದ ಕೂಲಿ, ಒಂದು ದೆನಾರಿ ನಾಣ್ಯ, ಕೊಡುತ್ತಾನಲ್ಲ, ನಾನೂ ಅಜ್ಜಿಗೆ ಎಲ್ಲರಷ್ಟೇ ಕೊಟ್ಟೆ. ಕಥೆಯಲ್ಲಿ ಆದ ಹಾಗೇ ಗೊಣಗಾಟ ಶುರುವಾಯಿತು. "ಡಬ್ಬದ ಲೆಕ್ಕ ಅಂದ್ಮೇಲೆ ಎಲ್ರಿಗೂ ಡಬ್ಬದ್ದೇ ಲೆಕ್ಕ ಅಲ್ವಾ?" ಅಂದರು. ಬೆಳಗಿಂದ ಬೆನ್ನು ಬಗ್ಗಿಸಿದವರು ಅವರು, ಕೋಪ ಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅಜ್ಜಿಗೂ ಎಲ್ಲರೆದುರು ದಾನ ತೆಗೆದುಕೊಂಡ ಹಾಗೆ ಅನಿಸಿ, ಎರಡು ದಿನ ಬರಲೇ ಇಲ್ಲ. ಆಮೇಲೆ ಅವರಿಗೆ ಬೆಂದ ಅಡಿಕೆ ಒಣಗಿಸುವ, ಬಲಿತು ಹಣ್ಣಾದ ಗೋಟು ಅಡಿಕೆ ಆರಿಸಿ ಬೇರೆ ಮಾಡುವ ಕೆಲಸ ಕೊಟ್ಟೆ, ದಿನಗೂಲಿ ಲೆಕ್ಕದಲ್ಲಿ. ಅಜ್ಜಿ ಕಣ್ಣು ಈಗಲೂ ಚುರುಕು. ಯಾರೂ ಗೊಣಗಲಿಲ್ಲ.

ಲೂಕನ ಸುವಾರ್ತೆ 16ರಲ್ಲಿ ಬರುವ ಐಶ್ವರ್ಯವಂತ, ಭಿಕ್ಷುಕ ಲಾಜರನಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಬಾಗಿಲಲ್ಲೇ ಬಿದ್ದಿದ್ದವನನ್ನು ಗಮನಿಸಲಿಲ್ಲ, ಅಷ್ಟೇ. ಭಿಕ್ಷುಕನಿಗೆ ಕಥೆಯಲ್ಲಿ ಹೆಸರಿದೆ, ಸಾಹುಕಾರನಿಗೆ ಇಲ್ಲ. ಈಗ ವರ್ಷಕ್ಕೊಮ್ಮೆಯಾದರೂ ಕೆಲಸಕ್ಕೆ ಬರುವ ಪ್ರತಿಯೊಬ್ಬರ ಮನೆಗೂ ಹೋಗುತ್ತೇನೆ. ನಮ್ಮ ಚರ್ಚಿನ ವಿನ್ಸೆಂಟ್ ದಿ ಪಾಲ್ ಸಂಘದವರಿಂದ ಕಲಿತದ್ದು ಇದು. 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಂಘ, ಬಡವರ ಮನೆಗೆ ಹೋಗಿ ಕೂತು ಮಾತಾಡುವುದೇ ಅವರ ಮೊದಲ ಕೆಲಸ.

ಹಾಗೆ ಹೋದಾಗಲೇ ಗೊತ್ತಾಗಿದ್ದು, ಕೊನೆ ತೆಗೆಯಲು ಮರ ಹತ್ತುವ ಇಬ್ಬರಿಗೂ ಒಂದು ವಿಮೆಯೂ ಇಲ್ಲ ಅಂತ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಇಷ್ಟು ವರ್ಷ ಅವರನ್ನು ಸುಮ್ನೆ ಮರ ಹತ್ತಿಸಿದ್ದೇನೆ. ಒಬ್ಬರದ್ದು ಆಗಿದೆ. ಇನ್ನೊಬ್ಬರ ಬ್ಯಾಂಕ್ ಖಾತೆ ನಿಂತುಹೋಗಿದೆ, ಅದನ್ನು ಸರಿ ಮಾಡಿಸಲು ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋಗುತ್ತಿದ್ದೇವೆ. ಅದು ಆಗುವವರೆಗೆ ಕೊನೆ ಮರದಲ್ಲೇ ಇರಲಿ ಅಂತ ಹೇಳಿದ್ದೇನೆ.