ಚರ್ಮಕ್ಕ ಬಣ್ಣ ಹಚ್ಚೂ ಮೊದಲ ನೀರಿನ ಹನಿ ಬಿಟ್ಟು ನೋಡ್ರಿ
ಹಳೇ ಚಪ್ಪಲಿ, ಬೆಲ್ಟು, ಬ್ಯಾಗಿಗೆ ಮನ್ಯಾಗ ಡೈ ಹಚ್ಚೂ ಮೊದಲ ಅದರ ಮ್ಯಾಲೆ ಒಂದು ಹನಿ ನೀರು ಬಿಡ್ರಿ. ಹನಿ ಮುತ್ತಿನಂಗ ಹಂಗ ನಿಂತ್ರ ಫ್ಯಾಕ್ಟರಿ ಪಾಲಿಶ್ ಪದರ ಇನ್ನೂ ಐತಿ ಅಂತ ತಿಳೀರಿ. ಹತ್ತಿಗೆ ಅಸಿಟೋನ್ (ನೇಲ್ ಪಾಲಿಶ್ ತಗಿಯಾಕ ಬಳಸೂ ದ್ರವ) ಹಚ್ಚಿ ಹಗುರಕ ತಿಕ್ಕಿ ಅದನ್ನ ತಗೀರಿ, ಹನಿ ಬಿಟ್ಟ ಜಾಗಾ ಇಂಗಿ ಕಪ್ಪಗ ಕಾಣೂತನಕ. ಡೈ ಪೇಂಟಿನಂಗ ಮ್ಯಾಲೆ ಕೂಡಂಗಿಲ್ಲ, ಚರ್ಮದ ಎಳಿಯೊಳಗ ಇಳೀಬೇಕು. ನೀರು ಇಳೀದಿದ್ದಲ್ಲೆ ಡೈನೂ ಇಳ್ಯಂಗಿಲ್ಲ, ಅದಕ್ಕ ಪಟ್ಟಿ ಪಟ್ಟಿ ಬೀಳ್ತಾವ. ನೇಲ್ ಪಾಲಿಶ್ ರಿಮೂವರ್ ಬಳಸೋರು ಎಣ್ಣಿ ಸೇರಿಸಿದ್ದು ತರಬ್ಯಾಡ್ರಿ, ಆ ಎಣ್ಣಿನ ಮತ್ತ ಅಡ್ಡ ಬರ್ತೈತಿ. ಅಸಿಟೋನ್ ಭಾಳ ಬೇಗ ಬೆಂಕಿ ಹಿಡೀತೈತ್ರಿ, ಅಡಗಿಮನ್ಯಾಗ ಈ ಕೆಲಸ ಬ್ಯಾಡವೇ ಬ್ಯಾಡ, ಕಿಟಕಿ ತಗದಿಟ್ಟ ಮಾಡ್ರಿ. ಡೈ ಒಮ್ಮೆ ದಪ್ಪಗ ಬಳಿಯೂದಕ್ಕಿಂತ ತೆಳ್ಳಗ ಎರಡು ಸಲ ಛಲೋ. ಧಾರವಾಡದ ಜಿಟಿಜಿಟಿ ಮಳ್ಯಾಗ ರಾತ್ರಿಯಿಡೀ ಫ್ಯಾನ್ ಕೆಳಗ ಇಡ್ರಿ. ಗದಗಿನ ಬ್ಯಾಸಿಗಿ ಬಿಸಲಿಗೆ ಮಾತ್ರ ಇಡಬ್ಯಾಡ್ರಿ, ಚರ್ಮ ಬಿರೀತೈತಿ. ರೆಕ್ಸಿನ್‌ಗೆ ಇದು ನಡ್ಯಂಗಿಲ್ಲ, ಅಸಿಟೋನ್ ತಾಗಿದ್ರ ಮೇಲ್ಪದರ ಕರಗಿ ಅಂಟಂಟ ಆಗ್ತೈತಿ. ಕತ್ತರಿಸಿದ ಅಂಚು ನೋಡ್ರಿ: ಎಳಿ ಎಳಿ ಕಂಡ್ರ ಚರ್ಮ, ಕೆಳಗ ನೇಯ್ದ ಬಟ್ಟಿ ಕಂಡ್ರ ರೆಕ್ಸಿನ್. ಕಪ್ಪು ಚರ್ಮಾನ ಕಂದು ಮಾಡಾಕೂ ಬರಂಗಿಲ್ಲ, ಡೈ ತಿಳಿ ಬಣ್ಣಾನ ಗಾಢ ಮಾಡ್ತೈತಿ, ಉಲ್ಟಾ ಆಗಂಗಿಲ್ಲ. ಒಣಗಿದ ಮ್ಯಾಲೆ ಬಿಳಿ ಅರಬಿಲೆ ತಿಕ್ಕಿ, ಬಣ್ಣ ಹತ್ತೂದು ನಿಂತ ಮ್ಯಾಲೆನ ಹಾಕ್ಕೊಳ್ರಿ.