ಆ ಹನಿ ಖಾಲಿಯಾದ್ರೆ?

ಐದಾರು ವರ್ಷದ ಮಕ್ಕಳಿಗೆ ಶೇಕಡಾ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಭೂಮಿಯ ನೀರಿನಲ್ಲಿ ಸಿಹಿನೀರು ಶೇ. 2.5 ಮಾತ್ರ ಎಂದು ಮೊದಲ ಸಲ ಹೇಳಿದಾಗ ಒಬ್ಬ ಹುಡುಗ, "ಅದಕ್ಕೆ ಸಕ್ಕರೆ ಹಾಕಿರ್ತಾರಾ ಮಿಸ್?" ಎಂದು ಕೇಳಿದ. ಅಂದಿನಿಂದ ನಾನು 'ಉಪ್ಪು ನೀರು', 'ಉಪ್ಪಿಲ್ಲದ ನೀರು' ಎಂದೇ ಹೇಳುತ್ತೇನೆ.

ಮುಂದಿನ ಸಲ ಒಂದು ಲೀಟರ್ ನೀರಿನ ಜಗ್ ತಂದೆ. ಭೂಮಿಯ ಅಷ್ಟೂ ನೀರು ಇದೇ ಅಂದ್ಕೊಳ್ಳಿ ಎಂದೆ. ಅದರಿಂದ ಐದು ಟೀ ಚಮಚ, ಅಂದರೆ 25 ಮಿಲಿಲೀಟರ್ ತೆಗೆದಿಟ್ಟು, ಉಳಿದದ್ದಕ್ಕೆ ಸುಮಾರು 35 ಗ್ರಾಂ ಉಪ್ಪು ಸುರಿದೆ. ಸಮುದ್ರ ಅಷ್ಟೇ ಉಪ್ಪು. ಬೆರಳು ಅದ್ದಿ ನೆಕ್ಕಿದವರ ಮುಖ ನೋಡಬೇಕಿತ್ತು!

ಐದು ಚಮಚದಲ್ಲಿ ಒಂದೆರಡು ಹನಿ ಡ್ರಾಪರ್‌ಗೆ ಎಳೆದುಕೊಂಡೆ. ಹೆಚ್ಚುಕಮ್ಮಿ ಮೂರೂವರೆ ಚಮಚ ಫ್ರೀಜರ್‌ಗೆ ಹೋಯಿತು, ಅದು ಧ್ರುವಗಳ, ಬೆಟ್ಟಗಳ ಹಿಮ. ಮಿಕ್ಕಿದ್ದನ್ನು ಮರಳಿನ ಲೋಟಕ್ಕೆ ಸುರಿದೆ, ಅದು ಅಂತರ್ಜಲ. ಡ್ರಾಪರ್‌ನ ಹನಿಯೇ ಎಲ್ಲ ನದಿ, ಕೆರೆ, ಸರೋವರ. ನಮಗೆ ಸಿಗೋದು ಈ ಹನಿಯಷ್ಟೇ ಎಂದು ಕೆಲವರು ಮುಗಿಸಿಬಿಡುತ್ತಾರೆ. ಅದು ಪೂರ್ತಿ ನಿಜವಲ್ಲ. ಬಾವಿ, ಬೋರ್‌ವೆಲ್ ನೀರು ಮರಳಿನ ಲೋಟದ್ದೇ ಅಲ್ವಾ?

ಒಂದು ಎಡವಟ್ಟೂ ಆಯಿತು. ಒಂದು ತಂಡಕ್ಕೆ ಐದು ಚಮಚ ನೀರನ್ನು ಸಪೂರ ಕೊಳವೆಯಲ್ಲಿ ತೋರಿಸಿದ್ದೆ. ಎತ್ತರಕ್ಕೆ ನಿಂತಿತಲ್ಲ, "ಜಾಸ್ತಿ ಇದೆ!" ಎಂದು ಕೂಗಿದರು. ಈ ವಯಸ್ಸಿನಲ್ಲಿ ಎತ್ತರ ಕಂಡರೆ ಜಾಸ್ತಿ ಅಂತಲೇ ಲೆಕ್ಕ. ಈಗ ಎಲ್ಲಕ್ಕೂ ಒಂದೇ ಥರದ ಪಾತ್ರೆ.

ಆದರೆ ನನ್ನನ್ನು ಸಿಕ್ಕಿಹಾಕಿಸಿದ್ದು ಒಬ್ಬ ಹುಡುಗಿಯ ಪ್ರಶ್ನೆ. "ಆ ಹನಿ ಖಾಲಿಯಾದ್ರೆ ನಾಳೆ ಏನು ಕುಡಿಯೋದು?" ದನಿ ನಡುಗುತ್ತಿತ್ತು. ಸುಮ್ನೆ ಹೆದರಿಸಿದ್ದೆ, ಅಷ್ಟೇ. ನೀರು ತಿರುಗಿ ಬರುತ್ತದೆ ಅನ್ನೋದನ್ನು ಹೇಳಿರಲೇ ಇಲ್ಲ.

ಮಾರನೆಯ ದಿನ ಅದೇ ಉಪ್ಪು ನೀರನ್ನು ಅಗಲದ ಬೋಗುಣಿಗೆ ಹಾಕಿ, ನಡುವೆ ಖಾಲಿ ಬಟ್ಟಲಿಟ್ಟು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿದೆ. ಬಟ್ಟಲಿನ ನೇರಕ್ಕೆ ಹಾಳೆಯ ಮೇಲೊಂದು ಕಲ್ಲು. ಬೆಳಿಗ್ಗೆಯಿಂದ ಬಿಸಿಲಲ್ಲಿಟ್ಟೆವು. ಬಿಸಿಲಿಗೆ ನೀರು ಆವಿಯಾಗಿ ಹಾಳೆಯ ಒಳಗೆ ಹನಿಗಟ್ಟಿತು. ಕಲ್ಲಿನ ಭಾರಕ್ಕೆ ತಗ್ಗಾದ ಕಡೆ ಜಾರಿ ಬಟ್ಟಲಿಗೆ ತೊಟ್ಟಿಕ್ಕಿತು. ಉಪ್ಪು ಬೋಗುಣಿಯಲ್ಲೇ ಉಳಿಯಿತು. ಇದೇ ಮಳೆ ಎಂದೆ. ಮಕ್ಕಳು ಗಳಿಗೆಗೊಮ್ಮೆ ಹೋಗಿ ಇಣುಕುತ್ತಿದ್ದರು.

ಸಂಜೆ ಆ ಹುಡುಗಿಯೇ ಮೊದಲು ರುಚಿ ನೋಡಿದಳು. "ಉಪ್ಪೇ ಇಲ್ಲ!" ಎಂದಳು. ಆಮೇಲೆ ಬಟ್ಟಲು ವಾಲಿಸಿ ತಳ ನೋಡಿದಳು. "ಇಷ್ಟು ಹೊತ್ತು ಕಾದಿದ್ದಕ್ಕೆ ಇಷ್ಟೇನಾ?"