ಹಳೆಯ ಮನೆಯ ಕಿಟಕಿ: ಗಾಜು ಬದಲಿಸುವ ಮುನ್ನ

ಚಳಿಯ ದೇಶದಲ್ಲಿ ಹಳೆಯ ಮನೆ ಕೊಂಡವರು ಮೊದಲ ಚಳಿಗಾಲದ ಹೀಟಿಂಗ್ ಬಿಲ್ ಕಂಡೊಡನೆ ದೂರುವುದು ಕಿಟಕಿಯ ಗಾಜನ್ನೇ. ನಾನೂ ಹಾಗೆಯೇ ದೂರಿ, ಒಂಟಿ ಗಾಜಿನ ಮರದ ಕಿಟಕಿಗಳನ್ನೆಲ್ಲ ಒಂದೇ ಸಲಕ್ಕೆ ಕೀಳಿಸಿ ಹೊಸವನ್ನು ಹಾಕಿಸಿದೆ. ಮುಂದಿನ ಚಳಿಗಾಲದಲ್ಲೂ ಕಿಟಕಿಯ ಪಕ್ಕ ಕುಳಿತರೆ ಕುತ್ತಿಗೆಗೆ ತಣ್ಣನೆಯ ಗಾಳಿ ತಾಗುತ್ತಲೇ ಇತ್ತು. ಒಳಬದಿಯ ಮರದ ಪಟ್ಟಿಯನ್ನು ಬಿಚ್ಚಿಸಿದಾಗ, ಚೌಕಟ್ಟಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು ಇದ್ದದ್ದೂ, ಹಳೆಯ ಕಿಟಕಿಯನ್ನು ಮೇಲೆ ಕೆಳಗೆ ಸರಿಸಲು ಹಗ್ಗಕ್ಕೆ ಕಟ್ಟಿದ ಕಬ್ಬಿಣದ ತೂಕಗಳು ಇಳಿಬಿದ್ದಿರುತ್ತಿದ್ದ ಟೊಳ್ಳು ಖಾಲಿಯೇ ಉಳಿದದ್ದೂ ಕಾಣಿಸಿತು.

ಆದ್ದರಿಂದ ಮೊದಲು ಗಾಳಿ ನುಸುಳುವ ಜಾಗಗಳನ್ನು ಹುಡುಕಿರಿ. ಗಾಳಿ ಬೀಸುವ ದಿನ ಪರದೆಗಳನ್ನು ಬದಿಗೆ ಸರಿಸಿ, ಹೊತ್ತಿಸಿದ ಊದುಬತ್ತಿಯನ್ನು ಚೌಕಟ್ಟಿನ ಅಂಚಿನುದ್ದಕ್ಕೂ ನಿಧಾನವಾಗಿ ಒಯ್ದರೆ, ನೆಟ್ಟಗೆ ಏರುವ ಹೊಗೆ ಸಂದಿನ ಎದುರಿಗೆ ಬಂದಾಗ ತಟ್ಟನೆ ಬಾಗುತ್ತದೆ. ತೆರೆದು ಮುಚ್ಚುವ ಭಾಗಗಳಿಗೆ ರಬ್ಬರ್ ಅಥವಾ ಬ್ರಷ್ ಪಟ್ಟಿ, ಅಲುಗದ ಜೋಡಣೆಗಳ ಸಂದಿಗೆ ಸೀಲೆಂಟ್, ದೊಡ್ಡ ಟೊಳ್ಳಿಗೆ ಕಿಟಕಿಗಳಿಗೆಂದೇ ತಯಾರಿಸಿದ, ಕಡಿಮೆ ಉಬ್ಬುವ ಫೋಮ್ ಬಳಸಬೇಕು. ಸಾದಾ ಫೋಮ್ ಉಬ್ಬಿ ಚೌಕಟ್ಟನ್ನೇ ಬಾಗಿಸಬಲ್ಲದು. ಇಷ್ಟಕ್ಕೇ ಮನೆ ಎಷ್ಟೋ ಬೆಚ್ಚಗಾಗುತ್ತದೆ.

ಅನಂತರವೂ ಗಾಜು ಬದಲಿಸಬೇಕೆನಿಸಿದರೆ ಯು-ಮೌಲ್ಯವನ್ನು, ಅಂದರೆ ಕಿಟಕಿ ಎಷ್ಟು ಶಾಖವನ್ನು ಹಾಯಿಸುತ್ತದೆ ಎಂಬ ಅಳತೆಯನ್ನು, ವಿಚಾರಿಸಿರಿ. ಅದು ಕಡಿಮೆಯಿದ್ದಷ್ಟೂ ಶಾಖ ಹೊರಹೋಗುವುದು ಕಡಿಮೆ. ಮೆಟ್ರಿಕ್ ಲೆಕ್ಕದಲ್ಲಿ ಒಂಟಿ ಗಾಜಿನ ಯು-ಮೌಲ್ಯ ಸುಮಾರು 5.7, ಸಾದಾ ಜೋಡಿ ಗಾಜಿನದು ಸುಮಾರು 2.8; ಜೋಡಿ ಗಾಜುಗಳಲ್ಲಿ ಒಂದರ ನಡುವಿನ ತೆರಪಿನತ್ತಣ ಮೈಗೆ ಲೋ-ಇ ಎಂಬ, ಶಾಖವನ್ನು ಮರಳಿ ಒಳಕ್ಕೆ ಕಳಿಸುವ ತೆಳು ಲೇಪನವಿದ್ದು, ಆ ತೆರಪಿನಲ್ಲಿ ಗಾಳಿಗಿಂತ ಕಡಿಮೆ ಶಾಖ ಸಾಗಿಸುವ ಆರ್ಗಾನ್ ಅನಿಲ ತುಂಬಿದ್ದರೆ ಅದು 1.2ರ ಆಸುಪಾಸಿಗೆ ಇಳಿಯುತ್ತದೆ. ಅಮೆರಿಕದ ಲೇಬಲ್ಲಿನಲ್ಲಿ ಬೇರೆ ಮಾನ ಬಳಸುವುದರಿಂದ ಅಲ್ಲಿನ 0.30 ಎಂದರೆ ಮೆಟ್ರಿಕ್‌ನಲ್ಲಿ ಸುಮಾರು 1.7, ಇದು ತಿಳಿಯದೆ ಎರಡು ದೇಶಗಳ ಅಂಕಿಗಳನ್ನು ಹೋಲಿಸಿ ಬೆರಗಾದವರಿದ್ದಾರೆ. ಮಾರುವವರು ಗಾಜಿನ ನಟ್ಟನಡುವಿನ ಅಂಕಿಯನ್ನಷ್ಟೇ ಹೇಳುವುದುಂಟು. ಚೌಕಟ್ಟು ಸೇರಿದ ಇಡೀ ಕಿಟಕಿಯ ಅಂಕಿಯನ್ನೇ ಕೇಳಿ ಪಡೆಯಿರಿ. ಲೇಪನವಿದೆಯೇ ಎಂಬುದನ್ನು ನೀವೇ ನೋಡಬಹುದು: ಕತ್ತಲಲ್ಲಿ ಮೇಣದಬತ್ತಿಯನ್ನು ಗಾಜಿನೆದುರು ಓರೆಯಾಗಿ ಹಿಡಿದಾಗ ಕಾಣುವ ಪ್ರತಿಬಿಂಬಗಳಲ್ಲಿ ಒಂದರ ಬಣ್ಣ ಮಾತ್ರ ಬೇರೆಯಾಗಿದ್ದರೆ, ಲೇಪನ ಇದೆ ಎಂದರ್ಥ.

ಪಾರಂಪರಿಕ ಕಟ್ಟಡವಾಗಿದ್ದರೆ ಅನುಮತಿ ಬೇಕಾಗಬಹುದು. ಅಂಥಲ್ಲಿ ಹಳೆಯ ಕಿಟಕಿಯನ್ನು ಉಳಿಸಿಕೊಂಡೇ ಒಳಗಿನಿಂದ ಇನ್ನೊಂದು ಗಾಜಿನ ಪದರ ಕೂರಿಸುವುದು ಅಗ್ಗ, ನನ್ನ ಮಟ್ಟಿಗೆ ಜಾಣತನವೂ ಹೌದು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಪರೀಕ್ಷೆ ಮಾಡಿಸದೆ ಅದನ್ನು ಉಜ್ಜಬೇಡಿ. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಸಂದುಗಳನ್ನು ತುಂಬಿದ್ದನ್ನು ತೋರಿಸಿದ ಮೇಲೆಯೇ ಒಳಬದಿಯ ಮರದ ಪಟ್ಟಿ ಹೊಡೆಯಬೇಕೆಂಬ ಸಾಲನ್ನು ಕೆಲಸದ ಕರಾರಿನಲ್ಲಿ ಬರೆಸಿರಿ.

ಸಂದುಗಳೆಲ್ಲ ಮುಚ್ಚಿದ ಮೇಲೆ ಅಡುಗೆ, ಸ್ನಾನಗಳ ತೇವ ಒಳಗೇ ಉಳಿಯುವುದರಿಂದ ಎಕ್ಸಾಸ್ಟ್ ಫ್ಯಾನ್ ಹಾಕುವುದನ್ನು ರೂಢಿಸಿಕೊಳ್ಳಬೇಕು. ಗಾಜಿನ ಒಳಮೈಯಲ್ಲಿ ಹನಿಗಟ್ಟಿದರೆ ಮನೆಯೊಳಗೆ ತೇವ ಹೆಚ್ಚಾಗಿದೆ. ಬೆಳಗಿನ ಹೊತ್ತು ಹೊರಮೈಯಲ್ಲಿ ಹನಿಗಟ್ಟಿದರೆ ಒಳಗಿನ ಶಾಖ ಹೊರಗಾಜಿನವರೆಗೆ ತಲುಪುತ್ತಿಲ್ಲ, ಅದು ಒಳ್ಳೆಯದೇ. ಎರಡು ಗಾಜುಗಳ ನಡುವೆಯೇ ಮಸುಕು ಕಂಡರೆ ಅಂಚಿನ ಸೀಲ್ ಹೋಗಿದೆ. ಅದನ್ನು ಒರೆಸಲಾಗದು, ವಾರಂಟಿಯ ಕಾಗದವನ್ನು ಹುಡುಕಬೇಕಷ್ಟೆ.